ಎಮ್ಮೆ ಗೊಡ್ಡಾದರೆ ನಷ್ಟ ಯಾರ ತಲೆಗೆ?



ಸಾಲ ತೆಗೆದು ಎಮ್ಮೆ ಕಟ್ಟಿ, ಹಾಲಿನ ದುಡ್ಡಲ್ಲಿ ಕಂತು ತೀರಿಸಿ ಎಂಬುದು ನಮಗೆ ಹೇಳಿಕೊಡುವ ಲೆಕ್ಕ. ಎಮ್ಮೆ ಗಬ್ಬ ನಿಲ್ಲದಿದ್ದರೆ ಈ ಲೆಕ್ಕ ಏನಾಗುತ್ತದೆಂದು ಯಾರೂ ಹೇಳುವುದಿಲ್ಲ. ಬೆದೆ ಒಂದು ಸಲ ತಪ್ಪಿದರೆ ಮತ್ತೆ 21 ದಿನ. ಗಬ್ಬ ನಿಂತ ಮೇಲೂ ಹತ್ತು ತಿಂಗಳು. ಅಷ್ಟು ದಿನವೂ ಹುಲ್ಲು, ಹಿಂಡಿ, ಬಡ್ಡಿ ಯಾವುದೂ ನಿಲ್ಲುವುದಿಲ್ಲ.

ಹಣೆಬರಹ ಎನ್ನುವ ಮೊದಲು ಕಾರಣ ನೋಡಿ. ಎಮ್ಮೆಯ ಬೆದೆ ಹಸುವಿನ ಹಾಗೆ ಎದ್ದು ಕಾಣುವುದಿಲ್ಲ, ಬೇಸಿಗೆಯಲ್ಲಂತೂ ಮೂಕಬೆದೆ. ರಾತ್ರಿ, ಬೆಳಗಿನ ಜಾವ ಲೋಳೆ ನೋಡಬೇಕು. ಬೆಳಿಗ್ಗೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಇಂಜೆಕ್ಷನ್ ಕೊಡಿಸಬೇಕು. ಬರೀ ಒಣಹುಲ್ಲು ತಿಂದ ಎಮ್ಮೆಗೆ ರಂಜಕ, ತಾಮ್ರ, ಸತುವು ಸಾಲದೆ ಬೆದೆಯೇ ಬರುವುದಿಲ್ಲ. ದಿನಕ್ಕೆ 50 ಗ್ರಾಂ ಖನಿಜ ಮಿಶ್ರಣ ಬೇಕು. ಈದಾಗ ಕಸ ಬೀಳದೆ ಉಳಿದರೆ ಗರ್ಭಕೋಶ ಕೀವಾಗುತ್ತದೆ. ಕಂದು ಹಾಕಿಸುವ ಬ್ರುಸೆಲ್ಲಾ ರೋಗಕ್ಕೆ ಹೆಣ್ಣು ಕರುವಿಗೆ 4ರಿಂದ 8 ತಿಂಗಳೊಳಗೆ ಲಸಿಕೆ ಹಾಕಿಸಬೇಕು.

ಇಷ್ಟು ನಮ್ಮ ಕೈಲಿದೆ. ಉಳಿದದ್ದು? ಎಮ್ಮೆ ಕಪ್ಪು ಮೈಯ ಪ್ರಾಣಿ, ಬೆವರು ಕಡಿಮೆ, ಅದಕ್ಕೆ ನೀರು ಬೇಕು. ಚಂದ್ರಾ ಲೇಔಟ್, ನಾಗರಬಾವಿ ಕಡೆ ಹೊಲಗಳಿದ್ದ ಜಾಗವೆಲ್ಲ ಸೈಟಾಯಿತು. ಬೆಂಗಳೂರಿನ ಅಂಚಿನಲ್ಲಿ ಗೋಮಾಳವೂ ಹೋಯಿತು, ಕೆರೆಯೂ ಹೋಯಿತು. ತಗಡಿನ ಕೆಳಗೆ ಕಟ್ಟಿದ ಎಮ್ಮೆ ಎಲ್ಲಿ ಹೋಗಿ ಮುಳುಗಬೇಕು?

ಇನ್ನು ಕಾನೂನು. 1964ರ ಕಾಯ್ದೆಯಲ್ಲಿ, ಗಬ್ಬಕ್ಕೂ ಹಾಲಿಗೂ ಶಾಶ್ವತವಾಗಿ ಬಾರದ ಎಮ್ಮೆಯನ್ನು ಪ್ರಮಾಣಪತ್ರ ಪಡೆದು ಕಸಾಯಿಗೆ ಕೊಡಲು ದಾರಿಯಿತ್ತು. 2020ರ ಕಾಯ್ದೆ 13 ವರ್ಷದೊಳಗಿನ ಎಮ್ಮೆ, ಕೋಣಗಳನ್ನೂ ನಿಷೇಧಕ್ಕೆ ಸೇರಿಸಿತು. ಮೀರಿದರೆ 3ರಿಂದ 7 ವರ್ಷ ಜೈಲು. ಏಳು ವರ್ಷದ ಎಮ್ಮೆ ಗೊಡ್ಡಾದರೆ ಇನ್ನಾರು ವರ್ಷ ಹುಲ್ಲು ಹಾಕುವವರು ಯಾರು? ಕಾಯ್ದೆ ಮಾಡಿದವರೇ? ಅಲ್ಲ, ನೀವು. ದಯೆ ಅವರದು, ಖರ್ಚು ನಮ್ಮದು!

ಆದ್ದರಿಂದ ಸೊಸೈಟಿ ಸಭೆಯಲ್ಲಿ, ತಾಲ್ಲೂಕು ಕಚೇರಿ ಮುಂದೆ ಒಂದೇ ದನಿಯಲ್ಲಿ ಕೇಳೋಣ. ಹಾಲಿನ ದರ ಕಟ್ಟುವಾಗ ಎಮ್ಮೆ ಬತ್ತಿ ನಿಂತ ತಿಂಗಳುಗಳ ಮೇವೂ ಲೆಕ್ಕಕ್ಕೆ ಬರಲಿ. ಆ ತಿಂಗಳುಗಳ ಕಂತು ಮುಂದೆ ಹೋಗಲಿ, ಬಡ್ಡಿ ಬೀಳದಿರಲಿ. ವಿಮೆ ಸಾವಿಗೆ ಮಾತ್ರವಲ್ಲ, ಶಾಶ್ವತ ಗೊಡ್ಡುತನಕ್ಕೂ ಸಿಗಲಿ. ಗೊಡ್ಡೆಮ್ಮೆ ಮಾರಬಾರದೆಂದರೆ ಸರ್ಕಾರವೇ ಬೆಲೆ ಕೊಟ್ಟು ಹೊಡೆದುಕೊಂಡು ಹೋಗಲಿ.

ಭಿಕ್ಷೆ ಕೇಳುತ್ತಿಲ್ಲ, ಲೆಕ್ಕ ಕೇಳುತ್ತಿದ್ದೇವೆ.