ಮಕ್ಕಳ ಮಾತನ್ನು ನಾವೇಕೆ ಆಡಬೇಕು?

ಡಿಸೆಂಬರ್ 3ರಂದು ಎಷ್ಟೋ ಶಾಲೆಗಳಲ್ಲಿ ನಡೆಯುವ ಉತ್ಸವವನ್ನು ಓದುಗರು ಬಲ್ಲರು. ನಡೆಯಲಾರದ ಹುಡುಗನನ್ನೂ ಕಣ್ಣು ಕಾಣದ ಹುಡುಗಿಯನ್ನೂ ವೇದಿಕೆಯ ಮೇಲೆ ಕೂರಿಸಿ, ಹಣ್ಣು ಕೊಟ್ಟು, ಮಹನೀಯರು ಅವರ ಕುರಿತು ಭಾಷಣ ಮಾಡುವರು. ಆ ಮಕ್ಕಳು ಮಾತ್ರ ತುಟಿ ಬಿಚ್ಚುವುದಿಲ್ಲ. ಬಿಚ್ಚಿರೆಂದು ಯಾರೂ ಕೇಳುವುದಿಲ್ಲ. "ಪಾಪ, ಅದಕ್ಕೇನು ತಿಳಿದೀತು?" ಎಂಬ ಈ ಕರುಣೆಯನ್ನು ನಾನು ಅಪಹರಣವೆಂದೇ ಕರೆಯುತ್ತೇನೆ.

ಕಾನೂನು ನಮಗಿಂತ ಮುಂದಿದೆ. ತಮಗೆ ಸಂಬಂಧಿಸಿದ ಎಲ್ಲ ವಿಷಯಗಳಲ್ಲಿಯೂ ಅಭಿಪ್ರಾಯವನ್ನು ಮುಕ್ತವಾಗಿ ಹೇಳುವ ಹಕ್ಕು ಇಂತಹ ಮಕ್ಕಳಿಗೆ ಸಮಾನವಾಗಿ ದೊರೆಯಬೇಕು, ಹೇಳುವುದಕ್ಕೆ ತಕ್ಕ ನೆರವೂ ಒದಗಬೇಕು ಎಂದು 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ 4ನೆಯ ಕಲಮು ವಿಧಿಸಿದೆ. 17ನೆಯ ಕಲಮಿನಲ್ಲಿ ಪರೀಕ್ಷೆಗೆ ಹೆಚ್ಚಿನ ಸಮಯ, ಬರೆದುಕೊಡುವವರು, ದ್ವಿತೀಯ ತೃತೀಯ ಭಾಷೆಗಳ ವಿನಾಯಿತಿ ಇವೆಲ್ಲ ಇವೆ.

ಈ ಕೊನೆಯ ವಿನಾಯಿತಿಯನ್ನೇ ನೋಡಿರಿ. ಗಡಹಿಂಗ್ಲಜದ ಕನ್ನಡ ಮಗುವಿಗೆ ಮರಾಠಿ ಹೊರೆಯೆಂದು ಗುರುಗಳು ತಾವೇ ನಿರ್ಧರಿಸಿ ಕೈಬಿಡಿಸಬಹುದು. ಆದರೆ ನಾಳೆ ಕೊಲ್ಹಾಪುರದ ಕಚೇರಿಯ ಕಿಟಕಿಯ ಮುಂದೆ ನಿಂತು ತನ್ನ ಪ್ರಮಾಣಪತ್ರವನ್ನು ಅದು ಯಾವ ಭಾಷೆಯಲ್ಲಿ ಕೇಳಬೇಕು? ಬಿಡಬೇಕೋ ಕಲಿಯಬೇಕೋ ಎಂಬುದನ್ನು ಮೊದಲು ಆ ಮಗುವನ್ನೇ ಕೇಳತಕ್ಕದ್ದು. ಕೇಳಿದವರೆಷ್ಟು ಮಂದಿ?

ಇದು ಆಗದ ಮಾತೆನ್ನುವವರು ಕೊಲ್ಹಾಪುರದ ನಸೀಮಾ ಹುರಜೂಕರನ್ನು ನೆನೆಯಲಿ. ಹದಿಹರೆಯದಲ್ಲಿ ಸೊಂಟದ ಕೆಳಗೆ ಸ್ವಾಧೀನ ತಪ್ಪಿದ ಆಕೆಗೆ ಧೈರ್ಯ ತುಂಬಿದವರು ತಾವೂ ಗಾಲಿಕುರ್ಚಿಯಲ್ಲಿದ್ದ ಬಾಬುಕಾಕಾ ದಿವಾಣ. ದಾನಿಗಳ ಭಾಷಣ ಮಾಡದ್ದನ್ನು ಸಮಾನದುಃಖಿಯೊಬ್ಬನ ಬದುಕು ಮಾಡಿತು. ಆಕೆ 1984ರಲ್ಲಿ 'ಹೆಲ್ಪರ್ಸ್ ಆಫ್ ದಿ ಹ್ಯಾಂಡಿಕ್ಯಾಪ್ಡ್' ಸಂಸ್ಥೆಯನ್ನು ಕಟ್ಟಿದರು. ತಮ್ಮ ಕಥೆಯನ್ನು ಮರಾಠಿಯಲ್ಲಿ ತಾವೇ ಬರೆದರು.

ಹೀಗೆ ಕಲಿಸಿದರೆ ಮಕ್ಕಳು ಉದ್ಧಟರಾಗುವರೆಂಬ ಆಕ್ಷೇಪವುಂಟು. ಇಚಲಕರಂಜಿಯ ಮಗ್ಗದ ಸದ್ದಿನ ಓಣಿಯಲ್ಲಿ, ಕಿವಿ ಮಂದವಾದ ಹುಡುಗಿಯೊಬ್ಬಳು "ಗುರುಗಳೇ, ಹಲಗೆಯ ಕಡೆ ತಿರುಗಿ ಮಾತಾಡಬೇಡಿರಿ, ನಿಮ್ಮ ತುಟಿ ನನಗೆ ಕಾಣಬೇಕು" ಎಂದರೆ ಅದು ಉದ್ಧಟತನವೇ? ಆ ವಾಕ್ಯವನ್ನು ಅವಳಿಗೆ ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಬಾಯಿಪಾಠ ಮಾಡಿಸಬೇಕು. ಮಾತು ಬಾರದವನಿಗೆ ಸನ್ನೆ ಇದೆ, ಚಿತ್ರದ ಹಲಗೆ ಇದೆ. ತಾಯಿತಂದೆಯರು ಮುಖ್ಯಾಧ್ಯಾಪಕರನ್ನು ಕಾಣಲು ಬಂದಾಗ ಮಗುವಿಗೂ ಒಂದು ಕುರ್ಚಿ ಹಾಕಿಸಿರಿ. ಪ್ರಶ್ನೆಯನ್ನು ಅದರತ್ತಲೇ ತಿರುಗಿಸಿ, ಉತ್ತರ ಬರುವತನಕ ಕಾಯಿರಿ. ಗಂಟೆ ಬಾರಿಸಿದರೆ ಬಾರಿಸಲಿ.