ಅರ್ಧ ಕಟ್ಟಿದ ಕಾರು, ಪೂರ್ಣ ಹೊಣೆ

ಗೂಡಲೂರಿನ ಒಂದು ಕುಟುಂಬವನ್ನು ದೃಷ್ಟಾಂತಕ್ಕಾಗಿ ತೆಗೆದುಕೊಳ್ಳಬಹುದು. ತಂದೆ ಸಣ್ಣ ಚಹಾ ಬೆಳೆಗಾರರು. ಮನೆಯ ಲೆಕ್ಕವೆಲ್ಲ ತಾಯಿಯ ಕೈಯಲ್ಲಿದೆ. ಮಗ ಡಿಪ್ಲೊಮಾ ಮುಗಿಸಿ ಗ್ಯಾರೇಜೊಂದರಲ್ಲಿ ಕೆಲಸ ಕಲಿಯುತ್ತಿದ್ದಾನೆ. ಮಗಳು ಹನ್ನೆರಡನೆಯ ತರಗತಿಯಲ್ಲಿದ್ದಾಳೆ. ಮೈಸೂರಿನ ಹೊರವಲಯದ ಶೆಡ್ಡೊಂದರಲ್ಲಿ ಅರ್ಧ ಕಟ್ಟಿದ ಕಾರೊಂದು ಮಾರಾಟಕ್ಕಿದೆ ಎಂಬ ಸುದ್ದಿ ಮಗನಿಗೆ ತಲುಪುತ್ತದೆ. ಹೆಸರಾಂತ ವಿದೇಶೀ ಸ್ಪೋರ್ಟ್ಸ್ ಕಾರಿನ ರೂಪವನ್ನು ಹೋಲುವ ಫೈಬರ್ ಮೈಯನ್ನು ಹಳೆಯ ಕಾರೊಂದರ ಚಾಸಿಯ ಮೇಲೆ ಕೂರಿಸಲಾಗಿದೆ. ಸೀಟಿಲ್ಲ, ಗಾಜಿಲ್ಲ, ವೈರಿಂಗ್ ಆಗಿಲ್ಲ. ಆರಂಭಿಸಿದಾತನಿಗೆ ಉತ್ಸಾಹ ಇಳಿದಿದೆ. ಬೆಲೆ ಎರಡು ಲಕ್ಷ. ಇನ್ನೊಂದು ಲಕ್ಷ ಹಾಕಿದರೆ ರಸ್ತೆಗೆ ಇಳಿಯುತ್ತದೆ ಎಂಬುದು ಮಾರುವವನ ಮಾತು. ಮನೆಯಲ್ಲಿರುವ ಹಣವಾದರೋ ಮಗಳ ಕಾಲೇಜಿಗೆಂದು ಕೂಡಿಟ್ಟದ್ದು.

"ಅಮ್ಮಾ, ಇಂಥ ಅವಕಾಶ ಮತ್ತೆ ಬರುವುದಿಲ್ಲ" ಎಂದು ಮಗ ಹೇಳುತ್ತಾನೆ. ತಾಯಿ ಒಂದೇ ಪ್ರಶ್ನೆ ಕೇಳುತ್ತಾರೆ: "ರಸ್ತೆಗೆ ಇಳಿಯುತ್ತದೆ ಎಂದು ಹೇಳಿದವರು ಯಾರು ಮಗಾ? ಮಾರುವವರೋ, ಆರ್‌ಟಿಒದವರೋ?"

ಈ ವಿಷಯದಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಇದೇ. ಯಂತ್ರವನ್ನು ಬಲ್ಲ ತರುಣರು ಬಹುಮಟ್ಟಿಗೆ ಕೊನೆಯಲ್ಲಿ ಕೇಳುವ ಪ್ರಶ್ನೆಯೂ ಇದೇ.

ಕಾರನ್ನು ಮನೆಯಲ್ಲಿಯೇ ಕಟ್ಟುವ ಹವ್ಯಾಸ ಬೇರೂರಿದ್ದು ಬ್ರಿಟನ್ನಿನಲ್ಲಿ. ಕಾಲಿನ್ ಚಾಪ್‌ಮನ್ನರ ಲೋಟಸ್ ಸಂಸ್ಥೆ 1957ರಲ್ಲಿ 'ಸೆವೆನ್' ಎಂಬ ಹಗುರವಾದ ಎರಡು ಆಸನದ ಕಾರನ್ನು ಹೊರತಂದಿತು. ಪೂರ್ಣಗೊಂಡ ಕಾರಿನ ಮೇಲೆ ಅಲ್ಲಿ ಖರೀದಿ ತೆರಿಗೆ ಇತ್ತು. ಬಿಡಿಭಾಗಗಳಾಗಿ ಕೊಂಡು ತಾವೇ ಜೋಡಿಸಿಕೊಂಡವರಿಗೆ ಆ ತೆರಿಗೆ ತಪ್ಪುತ್ತಿತ್ತು. ಹೀಗೆ ತೆರಿಗೆಯ ಸಂದಿನಲ್ಲಿ ಹವ್ಯಾಸವೊಂದು ಬೆಳೆಯಿತು. 1973ರಲ್ಲಿ ಆ ತೆರಿಗೆ ಪದ್ಧತಿ ಬದಲಾಯಿತು, 'ಸೆವೆನ್' ಕಾರಿನ ಹಕ್ಕು ಕೇಟರ್‌ಹ್ಯಾಮ್ ಸಂಸ್ಥೆಗೆ ಹೋಯಿತು. ಹವ್ಯಾಸ ಮಾತ್ರ ಉಳಿಯಿತು. ಮನೆಯಲ್ಲಿ ಕಟ್ಟಿದ ಒಂದೊಂದು ಕಾರನ್ನೂ ಪ್ರತ್ಯೇಕವಾಗಿ ಪರೀಕ್ಷಿಸಿ ರಸ್ತೆಗೆ ಬಿಡುವ ಸರ್ಕಾರಿ ವ್ಯವಸ್ಥೆ ಅಲ್ಲಿದೆ.

ಭಾರತದಲ್ಲಿ ಅದೇ 'ಸೆವೆನ್' ಕಾರಿನ ಮಾದರಿಯನ್ನು ಅನುಸರಿಸಿ ಅಲಿಬಾಗ್‌ನ ಚಿಂಕಾರ ಮೋಟಾರ್ಸ್ ಇಸುಜು ಎಂಜಿನ್ನಿನ ರೋಡ್‌ಸ್ಟರ್ ಕಾರನ್ನು ತಯಾರಿಸಿತು. ಬೆಂಗಳೂರು ಮೂಲದ ಸ್ಯಾನ್ ಸಂಸ್ಥೆ 1990ರ ದಶಕದ ಕೊನೆಯಲ್ಲಿ ಫೈಬರ್ ಮೈಯ, ಎರಡು ಆಸನದ 'ಸ್ಟಾರ್ಮ್' ಕಾರನ್ನು ಮಾರುಕಟ್ಟೆಗೆ ತಂದಿತು. ಇವೆರಡೂ ತಯಾರಕ ಸಂಸ್ಥೆಗಳ ಹೆಸರಿನಲ್ಲಿ ಮಾರಾಟವಾದ ಕಾರುಗಳೆಂಬುದನ್ನು ಗಮನಿಸಬೇಕು. ಭಾರತದ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 126ನೆಯ ನಿಯಮದಂತೆ ತಯಾರಕರು ತಮ್ಮ ವಾಹನದ ಮೂಲಮಾದರಿಯನ್ನು ಪುಣೆಯ ಎಆರ್‌ಎಐ ಮುಂತಾದ ಅಧಿಕೃತ ಸಂಸ್ಥೆಯ ಪರೀಕ್ಷೆಗೆ ಒಪ್ಪಿಸಬೇಕು. ಶೆಡ್ಡಿನಲ್ಲಿ ಒಬ್ಬನೇ ಕಟ್ಟಿದ ಒಂದೇ ಒಂದು ಕಾರಿಗೆ ಬ್ರಿಟನ್ನಿನಲ್ಲಿರುವಂತಹ ಸುಲಭ ಮಾರ್ಗ ಇಲ್ಲಿಲ್ಲ.

ಕಾನೂನು ಅರ್ಧ ಕಾರನ್ನು ಹೇಗೆ ನೋಡುತ್ತದೆ? 'ಅದಿನ್ನೂ ಬಿಡಿಭಾಗಗಳ ರಾಶಿ, ಕಾರೇ ಅಲ್ಲ' ಎಂಬ ವಾದ ನಿಲ್ಲುವುದಿಲ್ಲ. 1988ರ ಮೋಟಾರು ವಾಹನಗಳ ಅಧಿನಿಯಮದ 2(28)ನೆಯ ಕಲಂ, ಬಾಡಿ ಜೋಡಿಸದ ಚಾಸಿಯನ್ನೂ 'ಮೋಟಾರು ವಾಹನ' ಎಂಬ ಪದದೊಳಗೆ ಸೇರಿಸಿದೆ. ನೋಂದಣಿಯಾಗದ ವಾಹನವನ್ನು ಸಾರ್ವಜನಿಕ ಸ್ಥಳದಲ್ಲಾಗಲಿ ಇತರ ಯಾವುದೇ ಸ್ಥಳದಲ್ಲಾಗಲಿ ಓಡಿಸಬಾರದೆಂದು 39ನೆಯ ಕಲಂ ಹೇಳುತ್ತದೆ. 'ನಮ್ಮ ತೋಟದ ದಾರಿಯಲ್ಲಿ ತಾನೇ ಓಡಿಸುವುದು' ಎಂಬ ಸಮಾಧಾನಕ್ಕೂ ಹೀಗಾಗಿ ಆಸರೆ ಇಲ್ಲ. ತಪ್ಪಿದರೆ ಮೊದಲ ಸಲಕ್ಕೆ ಐದು ಸಾವಿರ ರೂಪಾಯಿಯವರೆಗೆ ದಂಡವಿದೆ.

ಮಾರುವವರು ಸಾಮಾನ್ಯವಾಗಿ ಹೇಳುವ ಇನ್ನೊಂದು ಮಾತು, 'ಆರ್‌ಸಿ ಇದೆ' ಎಂಬುದು. ಆರ್‌ಸಿ ಇರುವುದು ನಿಜವಾಗಿದ್ದರೂ ಅದು ಚಾಸಿ ಕೊಟ್ಟ ಹಳೆಯ ಕಾರಿನದು. ಅದರಲ್ಲಿ ನಾಲ್ಕು ಬಾಗಿಲಿನ ಕುಟುಂಬದ ಕಾರೊಂದರ ವಿವರವಿರುತ್ತದೆ. ಶೆಡ್ಡಿನಲ್ಲಿ ನೆಲಕ್ಕಂಟಿದ ಎರಡು ಆಸನದ ಕಾರು ನಿಂತಿರುತ್ತದೆ. ತಯಾರಕರು ಮೂಲತಃ ನಮೂದಿಸಿದ ವಿವರಗಳಿಗೆ ಹೊಂದದಂತೆ ವಾಹನವನ್ನು ಮಾರ್ಪಡಿಸಬಾರದೆಂಬುದು 52ನೆಯ ಕಲಮಿನ ಆಜ್ಞೆ. ಕೇರಳದಿಂದ ಹೋದ ಕೆ. ಜಯಚಂದ್ರ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ಇದನ್ನು ಸ್ಪಷ್ಟಪಡಿಸಿತು: ತಯಾರಕರ ಮೂಲ ನಿರ್ದಿಷ್ಟತೆ ಬದಲಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಅದೇ ವರ್ಷದ ತಿದ್ದುಪಡಿಯು 182ಎ ಕಲಮನ್ನು ಸೇರಿಸಿತು. ನಿಯಮ ಮೀರಿ ಮಾರ್ಪಾಡು ಮಾಡಿದ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೇ ಪ್ರತಿ ಮಾರ್ಪಾಡಿಗೆ ಐದು ಸಾವಿರ ರೂಪಾಯಿ ದಂಡ, ಇಲ್ಲವೇ ಎರಡನ್ನೂ ಅದು ವಿಧಿಸುತ್ತದೆ.

ಹಳೆಯ ಕಾರುಗಳಿಗೆ ಸರ್ಕಾರ 2021ರಲ್ಲಿ ತಂದ 'ವಿಂಟೇಜ್' ನೋಂದಣಿಯೂ ಇಲ್ಲಿ ನೆರವಿಗೆ ಬಾರದು. ವಾಹನಕ್ಕೆ ಐವತ್ತು ವರ್ಷ ಮೀರಿರಬೇಕು. ಚಾಸಿ, ಮೈ, ಎಂಜಿನ್ನುಗಳು ಹೆಚ್ಚಿನ ಮಾರ್ಪಾಡಿಲ್ಲದೆ ಮೂಲರೂಪದಲ್ಲಿರಬೇಕು. ಪ್ರತಿರೂಪದ ಕಾರು ನೋಡಲು ಹಳೆಯದಾದರೂ ಹುಟ್ಟಿನಿಂದ ಹಳೆಯದಲ್ಲ.

ಮಾಲೀಕತ್ವದ ವಿಚಾರ ಇದಕ್ಕಿಂತ ಸೂಕ್ಷ್ಮವಾದುದು. ಇಂತಹ ಕಾರಿನಲ್ಲಿ ಚಾಸಿ ಒಬ್ಬರದು, ಎಂಜಿನ್ ಇನ್ನೊಬ್ಬರದು, ಗೇರ್‌ಬಾಕ್ಸ್ ಗುಜರಿಯಿಂದ ಬಂದದ್ದು. 1930ರ ಸರಕು ಮಾರಾಟ ಅಧಿನಿಯಮದ 27ನೆಯ ಕಲಮಿನ ತಾತ್ಪರ್ಯವೆಂದರೆ, ಮಾರುವವನಿಗೆ ಇಲ್ಲದ ಹಕ್ಕು ಕೊಳ್ಳುವವನಿಗೆ ಸಾಮಾನ್ಯವಾಗಿ ಬರುವುದಿಲ್ಲ. ಎಂಜಿನ್ ಕಳವಿನದಾಗಿದ್ದರೆ ಹಣ ಕೊಟ್ಟ ಮಾತ್ರಕ್ಕೆ ಅದು ತನ್ನದಾಗದು. ತಿಳಿದೂ ಕೊಂಡರೆ ಭಾರತೀಯ ನ್ಯಾಯ ಸಂಹಿತೆಯ 317ನೆಯ ಕಲಮಿನ ಅಪರಾಧವೂ ಆಗುತ್ತದೆ. ಆದ್ದರಿಂದ ಮುಂಗಡ ಕೊಡುವ ಮೊದಲು ಚಾಸಿ ಸಂಖ್ಯೆ, ಎಂಜಿನ್ ಸಂಖ್ಯೆಗಳನ್ನು ಕಣ್ಣಾರೆ ಕಂಡು ಆರ್‌ಸಿಯೊಂದಿಗೆ ಹೋಲಿಸಬೇಕು. ಸಂಖ್ಯೆ ಉಜ್ಜಿದ, ಮತ್ತೆ ಕೊರೆದ ಗುರುತಿದ್ದರೆ ಮಾತುಕತೆಯನ್ನು ಅಲ್ಲಿಗೇ ನಿಲ್ಲಿಸಬೇಕು. ಬಿಡಿಭಾಗಗಳ ರಸೀದಿ ಕೇಳಬೇಕು. ಹಳೆಯ ಸಾಲ ತೀರಿದೆಯೇ, ತೆರಿಗೆ ಬಾಕಿ ಇದೆಯೇ ಎಂದು ವಿಚಾರಿಸಬೇಕು. ಕರ್ನಾಟಕದಲ್ಲಿ ನೋಂದಣಿಯಾದ ವಾಹನ ಬಂಡೀಪುರ ದಾಟಿ ನೀಲಗಿರಿಗೆ ಬಂದು ನೆಲೆಸಬೇಕಾದರೆ ಮೂಲ ಕಚೇರಿಯ ನಿರಾಕ್ಷೇಪಣಾ ಪತ್ರವೂ ಬೇಕು. ಟಿಎನ್ 43 ಸಂಖ್ಯೆ ಸುಮ್ಮನೆ ದೊರೆಯುವುದಿಲ್ಲ.

ಮೂತಿಯ ಮೇಲಿನ ಲಾಂಛನದ ಬಗ್ಗೆಯೂ ಒಂದು ಮಾತು. ನೋಂದಾಯಿತ ವಿನ್ಯಾಸಕ್ಕೆ ಭಾರತದಲ್ಲಿ ರಕ್ಷಣೆ ಹತ್ತು ವರ್ಷ, ವಿಸ್ತರಿಸಿದರೆ ಮತ್ತೆ ಐದು ವರ್ಷ. ವ್ಯಾಪಾರಚಿಹ್ನೆಯನ್ನಾದರೋ ನವೀಕರಿಸುತ್ತ ಎಷ್ಟು ಕಾಲವಾದರೂ ಉಳಿಸಿಕೊಳ್ಳಬಹುದು. ಹಳೆಯ ಆಕಾರವನ್ನು ಹೋಲುವುದು ಒಂದು, ವಿದೇಶೀ ಸಂಸ್ಥೆಯ ಲಾಂಛನವನ್ನು ಅಂಟಿಸಿ ಮಾರುವುದು ಇನ್ನೊಂದು.

ಕಾನೂನನ್ನು ಬದಿಗಿಟ್ಟು ಕೆಲಸವನ್ನಷ್ಟೇ ನೋಡಿದರೂ 'ಇನ್ನೊಂದು ಲಕ್ಷ' ಎಂಬ ಲೆಕ್ಕ ನಂಬುವಂಥದ್ದಲ್ಲ. ಚಾಸಿ, ಎಂಜಿನ್, ಮೈ ಸೇರಿದಾಗ ಕಾರು ಮುಗಿದಂತೆ ಕಾಣುತ್ತದೆ. ಉಳಿದಿರುವುದು ವೈರಿಂಗ್, ದೀಪ, ವೈಪರ್, ಮುಂಗಾಜು, ಬಾಗಿಲಿನ ಕೀಲು, ಸೀಟ್‌ಬೆಲ್ಟಿನ ಭದ್ರ ಆಧಾರ, ಬ್ರೇಕಿನ ಹೊಂದಾಣಿಕೆ. ಅಂಗಡಿಯಲ್ಲಿ ಸಿದ್ಧವಾಗಿ ಸಿಗದೆ ಒಂದೊಂದಾಗಿ ಮಾಡಿಸಬೇಕಾದವು ಇವೇ. ಅರ್ಧಕ್ಕೆ ನಿಂತ ಕಾರುಗಳು ಬಹುಪಾಲು ಇಲ್ಲಿಯೇ ನಿಲ್ಲುತ್ತವೆ. ಇನ್ನೊಬ್ಬರು ಮಾಡಿಟ್ಟ ವೆಲ್ಡಿಂಗಿನ ಗಟ್ಟಿತನವನ್ನು ಬಣ್ಣದ ಮೇಲಿನಿಂದ ಅಳೆಯಲೂ ಆಗದು.

ನೀಲಗಿರಿಯ ಹವೆಯೂ ನೆಲವೂ ತಮ್ಮ ಪಾಲಿನ ಕಷ್ಟ ಕೊಡುತ್ತವೆ. ಫೈಬರ್ ಕೆಲಸದ ಪಾಲಿಯೆಸ್ಟರ್ ರಾಳ ಚಳಿಯಲ್ಲಿಯೂ ತೇವದಲ್ಲಿಯೂ ಸರಿಯಾಗಿ ಗಟ್ಟಿಯಾಗುವುದಿಲ್ಲ. ಉದಕಮಂಡಲದ ಮಂಜಿನ ದಿನಗಳಲ್ಲಿ ಶೆಡ್ಡನ್ನು ಬೆಚ್ಚಗಿಡದೆ ಆ ಕೆಲಸ ಸಾಗದು. ಸುಮಾರು 2,240 ಮೀಟರ್ ಎತ್ತರದ ಆ ಊರಿನಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟದಲ್ಲಿರುವುದಕ್ಕಿಂತ ಸುಮಾರು ಐದರಲ್ಲೊಂದು ಪಾಲು ಕಡಿಮೆ. ಬಯಲಿನಲ್ಲಿ ಹದಗೊಳಿಸಿದ ಕಾರ್ಬ್ಯುರೇಟರ್ ಇಲ್ಲಿ ಹೆಚ್ಚು ಪೆಟ್ರೋಲು ಸುರಿದು ಹೊಗೆ ಕಾರುತ್ತದೆ. ಉದಕಮಂಡಲದಿಂದ ಕಲ್ಲಟ್ಟಿ ಮಾರ್ಗವಾಗಿ ಮಸಿನಗುಡಿಗೆ ಇಳಿಯುವಾಗ 36 ಹೇರ್‌ಪಿನ್ ತಿರುವುಗಳು, ಸಾವಿರ ಮೀಟರಿಗೂ ಹೆಚ್ಚಿನ ಇಳಿತ. ಕಾರ್ಖಾನೆಯಲ್ಲಿ ಪರೀಕ್ಷೆಗೊಂಡ ಕಾರಿನ ಬ್ರೇಕೂ ಕಾಯುವ ದಾರಿ ಅದು. ಬೇರೊಂದು ತೂಕಕ್ಕೆಂದು ಮಾಡಿದ ಬ್ರೇಕನ್ನು ಹೊಸ ಮೈಗೆ ಅಂದಾಜಿನ ಮೇಲೆ ಜೋಡಿಸಿದ ಕಾರು ಅಲ್ಲಿ ಇಳಿಯುವಾಗ, ಎದುರಿನಿಂದ ಶಾಲೆಯ ಮಕ್ಕಳನ್ನು ಹೊತ್ತ ಜೀಪು ಬರಬಹುದು. 52ನೆಯ ಕಲಂ ಇರುವುದು ಆ ಜೀಪಿನ ಮಕ್ಕಳಿಗಾಗಿ.

ವಿಮೆಯ ಪ್ರಶ್ನೆ ಏಳುವುದೂ ಆ ತಿರುವಿನಲ್ಲಿಯೇ. ಮೂರನೆಯವರಿಗಾಗುವ ಹಾನಿಯ ವಿಮೆಯನ್ನು 146ನೆಯ ಕಲಂ ಕಡ್ಡಾಯಗೊಳಿಸಿದೆ. ಹಳೆಯ ಕಾರಿನ ವಿವರ ಕೊಟ್ಟು ವಿಮೆ ಮಾಡಿಸಿ ಬೇರೆಯೇ ಕಾರನ್ನು ಓಡಿಸಿದರೆ, ಅಪಘಾತವಾದ ದಿನ ವಿಮಾ ಸಂಸ್ಥೆ ಆ ಮರೆಮಾಚುವಿಕೆಯನ್ನೇ ಮುಂದೊಡ್ಡುತ್ತದೆ. ಆಗ ಪರಿಹಾರದ ಹೊರೆ ಬೀಳಬಹುದಾದದ್ದು ಚಹಾ ತೋಟದ ಮೇಲೆ.

ಹಾಗಾದರೆ ಮಗನ ಆಸೆಯನ್ನು ಚಿವುಟಿ ಹಾಕಬೇಕೇ? ಬೇಕಿಲ್ಲ. ಯಂತ್ರದ ಹುಚ್ಚಿಗೆ ಈ ಸೀಮೆಯಲ್ಲಿ ಗೌರವದ ಪರಂಪರೆಯಿದೆ. ಬೆಟ್ಟದ ಕೆಳಗಿನ ಕೊಯಮತ್ತೂರಿನಲ್ಲಿ ಜಿ. ಡಿ. ನಾಯ್ಡು ಅವರು 1952ರಲ್ಲಿಯೇ ಎರಡು ಆಸನದ ಅಗ್ಗದ ಪೆಟ್ರೋಲ್ ಕಾರನ್ನು ರೂಪಿಸಿದ್ದರು. ಸರ್ಕಾರದ ಪರವಾನಗಿ ದೊರೆಯದೆ ಅದು ಮುಂದುವರಿಯಲಿಲ್ಲ. ಅದೇ ಊರಿನ ಕರಿವರ್ಧನ್ ಮಾರುತಿ ಎಂಜಿನ್ ಬಳಸಿ ಒಂಟಿ ಆಸನದ ರೇಸ್ ಕಾರುಗಳನ್ನು ಕಟ್ಟಿ, ಸಾಮಾನ್ಯ ತರುಣರಿಗೂ ಆ ಕ್ರೀಡೆಯ ಬಾಗಿಲು ತೆರೆದರು. 1995ರಲ್ಲಿ ವಿಮಾನ ಅಪಘಾತದಲ್ಲಿ ತೀರಿಹೋದ ಅವರ ಹೆಸರನ್ನು ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಹೊತ್ತಿದೆ. ಎಂಜಿನಿಯರಿಂಗ್ ವಿದ್ಯಾರ್ಥಿಗಳು ತಾವೇ ಕಟ್ಟಿದ ಕಾರುಗಳೊಂದಿಗೆ ಸೇರುವ ಫಾರ್ಮುಲಾ ಭಾರತ್ ಸ್ಪರ್ಧೆ ನಡೆಯುವುದು ಆ ಪಥದಲ್ಲಿಯೇ. ಅಲ್ಲಿ ಬ್ರೇಕಿಗೂ ಚಾಸಿಗೂ ಪರೀಕ್ಷಕರು ಇರುತ್ತಾರೆ. ಡಿಪ್ಲೊಮಾ ಮುಗಿಸಿದವನು ಎಂಜಿನಿಯರಿಂಗ್ ಪದವಿಯ ಎರಡನೆಯ ವರ್ಷಕ್ಕೆ ನೇರವಾಗಿ ಸೇರುವ ಅವಕಾಶವೂ ಇದೆ.

ಕೈಗೆ ಈಗಲೇ ಕೆಲಸ ಬೇಕೆನ್ನುವವರಿಗೆ ಇನ್ನೊಂದು ದಾರಿಯಿದೆ. ಪ್ರೀಮಿಯರ್ ಪದ್ಮಿನಿಯನ್ನೋ ಕಾಂಟೆಸ್ಸಾವನ್ನೋ ಸರಿಯಾದ ಆರ್‌ಸಿಯೊಂದಿಗೆ ಕೊಂಡು, ಮೂಲರೂಪ ಕೆಡದಂತೆ ಮತ್ತೆ ನಿಲ್ಲಿಸಬಹುದು. ನೋಂದಣಿ ನವೀಕರಣಕ್ಕೆ ಯೋಗ್ಯತಾ ತಪಾಸಣೆ ಇದ್ದೇ ಇರುತ್ತದೆ. ಆದರೆ ತಪಾಸಣಾಧಿಕಾರಿಯ ಕೈಯಲ್ಲಿರುವ ಕಾಗದವೂ ಎದುರಿಗಿರುವ ವಾಹನವೂ ಒಂದನ್ನೊಂದು ಹೋಲುತ್ತವೆ. ಇಷ್ಟಾದ ಮೇಲೂ ಆ ಅರ್ಧ ಕಾರೇ ಬೇಕೆಂದಾದರೆ, ರಸ್ತೆಯ ಆಸೆ ಬಿಟ್ಟು, ಪ್ರದರ್ಶನಕ್ಕೆ ನಿಲ್ಲಿಸುವ ವಸ್ತುವೆಂದು ತಿಳಿದು, ಅಂತಹ ವಸ್ತುವಿಗೆ ಸಲ್ಲುವ ಬೆಲೆಯನ್ನಷ್ಟೇ ಕೊಡಬೇಕು.

ದೃಷ್ಟಾಂತದ ಮನೆಯಲ್ಲಿ ಮಾಡಬೇಕಾದದ್ದು ಕಷ್ಟದ ಕೆಲಸವಲ್ಲ. ಆರ್‌ಸಿಯ ನಕಲನ್ನೂ ಕಾರು ಈಗಿರುವ ಸ್ಥಿತಿಯ ಚಿತ್ರಗಳನ್ನೂ ಲಗತ್ತಿಸಿ, ಈ ವಾಹನಕ್ಕೆ ನೋಂದಣಿ ಮುಂದುವರಿಯುವುದೇ ಎಂದು ಸಾರಿಗೆ ಕಚೇರಿಗೆ ಲಿಖಿತವಾಗಿ ಬರೆದು ಕೇಳಬೇಕು. ಉತ್ತರವೂ ಲಿಖಿತವಾಗಿಯೇ ಬರಬೇಕು. ಅದು ಕೈಸೇರುವವರೆಗೆ ಮಗಳ ಕಾಲೇಜಿನ ಹಣ ಬ್ಯಾಂಕಿನಲ್ಲಿಯೇ ಇರಲಿ. ಮಾರುವವನು ಅಷ್ಟು ದಿನ ಕಾಯಲಾರೆನೆಂದರೆ, ಆ ತಾಯಿ ಕೇಳಿದ ಪ್ರಶ್ನೆಗೆ ಉತ್ತರ ಅವನಿಂದಲೇ ಬಂದಂತಾಯಿತು.