ಗೋಡೆಗೆ ಫೋಟೋ ಹಾಕೋಕೆ ಸಾಯಲೇಬೇಕಾ?



ಹೋದ ತಿಂಗಳು ನಮ್ಮ ಕೇರಿಯ ಹಿರಿಯರೊಬ್ಬರು ತೀರಿಕೊಂಡರು. 1973ರ ಬೂಸಾ ಗಲಾಟೆಯಲ್ಲಿ ಏಟು ತಿಂದು ಕಾಲೇಜು ಬಿಟ್ಟವರು. ಆಮೇಲೆ ಸಂಘಟನೆ ಅಂತ ಊರೂರು ತಿರುಗಿದವರು. ಶ್ರದ್ಧಾಂಜಲಿ ಫ್ಲೆಕ್ಸ್‌ಗೆ ಅವರದೊಂದು ಒಳ್ಳೇ ಫೋಟೋ ಸಿಗಲಿಲ್ಲ. ಆಧಾರ್ ಕಾರ್ಡಿನದ್ದನ್ನೇ ದೊಡ್ಡದು ಮಾಡಿಸಿದೆವು, ಮುಖದ ಗುರುತೇ ಹತ್ತಲಿಲ್ಲ. ಅವರು ಹೇಳುತ್ತಿದ್ದ ಸಂಗತಿಗಳನ್ನು ಯಾರೂ ಬರೆದಿಟ್ಟಿರಲಿಲ್ಲ. ನಾನೂ ಬರೆದಿಡಲಿಲ್ಲ, ಆ ತಪ್ಪು ನನ್ನದೂ ಹೌದು.

ನಾನು ಆಫೀಸಿನಲ್ಲಿ ವೃದ್ಧಾಪ್ಯ ವೇತನದ ಫೈಲು ನೋಡುವ ಗುಮಾಸ್ತ. ಹೆಸರು, ವಯಸ್ಸು, ಜಾತಿ, ಹೆಬ್ಬೆಟ್ಟು. ಎಪ್ಪತ್ತು ವರ್ಷದ ಬದುಕಲ್ಲಿ ಸರ್ಕಾರಕ್ಕೆ ಬೇಕಾಗಿರೋದು ಇಷ್ಟೇ. ಮೇಲ್ಜಾತಿಯ ಮನೆಗಳಲ್ಲಿ ತಾತನಿಗೆ ಎಂಬತ್ತಾದರೆ ಅಭಿನಂದನ ಗ್ರಂಥ ಬರುತ್ತೆ. ನಮ್ಮಲ್ಲಿ ಓದಿ ನೌಕರಿ ಹಿಡಿದವರೇ ಕೇಳ್ತಾರೆ, "ಕೂಲಿ ಮಾಡಿದವರ ಬದುಕಲ್ಲಿ ಬರೆಯೋಕೆ ಏನಿದೆ ಸಾರ್?"

ಏನಿದೆ ಅಂತೀರಾ? ಬಾಬಾಸಾಹೇಬರ 'ವೇಯ್ಟಿಂಗ್ ಫಾರ್ ಎ ವೀಸಾ' ಓದಿ. ಹುಡುಗನಾಗಿದ್ದಾಗ ಮಸೂರು ರೈಲ್ವೆ ಸ್ಟೇಷನ್ನಿನಲ್ಲಿ ಇಳಿದು ನಿಂತರೆ, ಜಾತಿ ತಿಳಿದ ಗಾಡಿಯವರು ಹತ್ತಿಸಿಕೊಳ್ಳಲಿಲ್ಲ. ಅದನ್ನು ಅವರು ಸಣ್ಣ ವಿಷಯ ಅಂತ ಬಿಡಲಿಲ್ಲ, ಕೈಯಾರೆ ಬರೆದಿಟ್ಟರು. ಅವರು ತೀರಿಕೊಂಡು ಮೂವತ್ತು ವರ್ಷದ ಮೇಲೆ, 1990ರಲ್ಲಿ, ಅದು ಪುಸ್ತಕವಾಯಿತು. ಬರೆದಿಟ್ಟಿದ್ದಕ್ಕೇ ಉಳಿಯಿತು. ಸಿದ್ಧಲಿಂಗಯ್ಯನವರ 'ಊರುಕೇರಿ', ಅರವಿಂದ ಮಾಲಗತ್ತಿಯವರ 'ಗೌರ್ಮೆಂಟ್ ಬ್ರಾಹ್ಮಣ' ನಮಗಿವೆ. ಆದರೆ ಅಕ್ಷರ ಬಾರದ ನಮ್ಮ ಅವ್ವಂದಿರ ಪುಸ್ತಕ ಎಲ್ಲಿದೆ?

ಅವರು ಸತ್ತ ಮೇಲೆ ಭಾಷಣ ಮಾಡೋದು ಸಾಕು. ಭಾನುವಾರ ಒಬ್ಬ ಹಿರಿಯರ ಮುಂದೆ ಕೂರಿ. ಮೊಬೈಲಲ್ಲಿ ರೆಕಾರ್ಡ್ ಮಾಡಿ, ಅವರ ಮಾತಲ್ಲೇ ಬರೆಯಿರಿ, ತಿದ್ದಬೇಡಿ. ಬರೆದಿದ್ದನ್ನು ಅವರಿಗೇ ಓದಿ ಹೇಳಿ. ಯಾವುದನ್ನು ಬಿಡಬೇಕು ಅನ್ನೋದು ಅವರ ಹಕ್ಕು.

ನಾನು ನಮ್ಮವ್ವನಿಂದ ಶುರು ಮಾಡಿದೆ. "ಬರ್ಕೊ ಮಗ. ಆದ್ರೆ ಆ ಗೌಡ್ರ ಹೆಸ್ರು ಹಾಕ್ಬ್ಯಾಡ. ಅವ್ರ ಮಕ್ಳು ಇನ್ನೂ ಅಲ್ಲೇ ಅವ್ರೆ" ಅಂದಳು. ಎಪ್ಪತ್ತೆರಡು ವಯಸ್ಸಿನಲ್ಲೂ ಆ ಭಯ ಹೋಗಿಲ್ಲ. ಇದನ್ನೂ ಬರೆದುಕೊಂಡೆ.

ಚಿತ್ರ ಬರೆಯುವ ಹಾಸ್ಟೆಲ್ ಹುಡುಗನೊಬ್ಬನನ್ನು ಕರೆಸಿದೆ. ಅವ್ವ ನೆಲದ ಮೇಲೆ ಕೂರಲಿಲ್ಲ. "ಕುರ್ಚಿ ಮ್ಯಾಲೆ ಕುಂತಂಗೆ ಬರಿಯಪ್ಪ" ಅಂದಳು. ಆ ಚಿತ್ರ ಈಗ ನಮ್ಮ ಮನೆಯಲ್ಲಿ ಬಾಬಾಸಾಹೇಬರ ಪಕ್ಕದಲ್ಲಿದೆ, ಹಾರವಿಲ್ಲದೆ. ಅವ್ವ ದಿನಾ ನೋಡ್ತಾಳೆ.

ನಿಮ್ಮನೇಲಿ ಯಾರಿದ್ದಾರೆ? ಈ ಭಾನುವಾರವೇ ಕೂರಿ.

ಜೈಭೀಮ್.